ಶನಿವಾರದ ಕೋಲಾಟಕ್ಕೆ ಹೊಸಬರು ಬರ್ತಾರೆ, ಮೂರನೇ ವಾರಕ್ಕೆ ಇರೋದಿಲ್ಲ. ಎಲ್ಲಿ ತಪ್ಪುತ್ತಿದೆ?

ಮಂಜುಮುಸುಕು (ಗೋಣಿಕೊಪ್ಪ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಗೋಣಿಕೊಪ್ಪದ ಒಂದು ಕೋಲಾಟದ ಕೂಟ. ಪ್ರತಿ ಶನಿವಾರ ಸಂಜೆ 5.30ರಿಂದ 8ರ ತನಕ. ಬಾಡಿಗೆ ಹಾಲ್, ಶೀಟಿನ ಮಾಡು, ಟೈಲ್ಸ್ ನೆಲ. ಕಾಯಂ ಬರುವವರು ಇಪ್ಪತ್ತರ ಆಸುಪಾಸು. ಯಾವ ಜಾತಿ, ಯಾವ ಭಾಷೆ ಅನ್ನೋ ಲೆಕ್ಕ ಇಲ್ಲ. ಕೊಡವರು, ಅರೆಭಾಷೆಯವರು, ಮಲಯಾಳ ಮಾತಾಡುವವರು, ಬ್ಯಾಂಕಿಗೂ ಶಾಲೆಗೂ ಬಯಲುಸೀಮೆಯಿಂದ ವರ್ಗವಾಗಿ ಬಂದವರು ಎಲ್ಲರೂ ಇದ್ದಾರೆ. ಸ್ಪರ್ಧೆಗೆ ಹೋಗೋ ತಂಡ ಅಲ್ಲ, ಸೇರಿ ಕುಣಿಯೋದೇ ಉದ್ದೇಶ.

ತೊಂದರೆ ಇಷ್ಟು. ಹೊಸ ಮುಖಗಳು ಬರುತ್ತಲೇ ಇರುತ್ತವೆ. ಮೊದಲ ದಿನ ನಗುನಗುತ್ತ ಬರ್ತಾರೆ, ಎರಡನೇ ವಾರ ಅರ್ಧ ಜನ, ಮೂರನೇ ವಾರ ಯಾರೂ ಇಲ್ಲ. ನಾವು ಚೆನ್ನಾಗಿಯೇ ಮಾತಾಡಿಸ್ತೇವೆ, ಕಾಫಿ ಕೊಡ್ತೇವೆ, ಹೆಜ್ಜೆ ತಪ್ಪಿದರೆ ಪಕ್ಕದವರು ಹೇಳಿಕೊಡ್ತಾರೆ. ಆದರೂ ನಿಲ್ಲೋದಿಲ್ಲ. ಇಂಥ ಕೂಟ ನಡೆಸಿ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. "ಪ್ರೀತಿಯಿಂದ ನೋಡಿಕೊಳ್ಳಿ" ಅನ್ನೋದು ಗೊತ್ತು. ಮಾಡೋದು ಏನು, ಅದು ಬೇಕು.

ಒಳಸುತ್ತು

ಮಂಜುಮುಸುಕು ಅವರೇ, ನಿಮ್ಮ ಪ್ರಶ್ನೆಯಲ್ಲೇ ಒಂದು ಉತ್ತರ ಇದೆ. "ಹೆಜ್ಜೆ ತಪ್ಪಿದರೆ ಪಕ್ಕದವರು ಹೇಳಿಕೊಡ್ತಾರೆ" ಅಂದಿರಿ. ಸುತ್ತು ತಿರುಗುವ ಆಟದಲ್ಲಿ ಪಕ್ಕದವರು ಅಂದರೆ ಒಬ್ಬರಲ್ಲ, ಹತ್ತು ಹನ್ನೆರಡು ಜನ. ಒಬ್ಬರು "ಕೈ ಮೇಲೆ" ಅಂತಾರೆ, ಮುಂದಿನವರು "ಕಾಲು ನೋಡಿ" ಅಂತಾರೆ, ಅವರಾಚೆಯವರು ಮಾತಾಡದೆ ಮಣಿಕಟ್ಟನ್ನೇ ಹಿಡಿದು ತಿದ್ದುತ್ತಾರೆ. ಒಂದು ಹಾಡು ಮುಗಿಯುವಾಗ ಹೊಸಬರಿಗೆ ಉಳಿಯೋದು ಒಂದೇ: ನನ್ನಿಂದ ಎಲ್ಲರ ಆಟ ಕೆಟ್ಟಿತು. ಆಮೇಲೆ ಎಷ್ಟು ಕಾಫಿ ಕೊಟ್ಟರೂ ಆ ಮನಸ್ಸು ತಿರುಗೋದಿಲ್ಲ. ಹಾಗಾಗಿ ಮೊದಲ ಕಟ್ಟುಪಾಡು ಇದಾಗಲಿ: ಆಟದ ನಡುವೆ ಯಾರೂ ತಿದ್ದಬಾರದು. ಹೇಳುವುದು ನಡುವೆ ನಿಂತು ಆಟ ನಡೆಸುವವರು ಮಾತ್ರ, ಅದೂ ಹೆಸರು ಹಿಡಿಯದೆ ಇಡೀ ಸುತ್ತಿಗೆ.

ಇನ್ನು ಜನರನ್ನು ಸುತ್ತಿನಲ್ಲಿ ನಿಲ್ಲಿಸುವ ಕ್ರಮ. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕೆಲಸ ಇಲ್ಲೇ ಇದೆ.

24 ಜನ ಅಂತ ಇಟ್ಟುಕೊಳ್ಳಿ. ಹೊರಸುತ್ತು 12, ಒಳಸುತ್ತು 12, ಎದುರುಬದುರು. ಹೊರಸುತ್ತಿನವರು ಮಾತ್ರ ಬಲಕ್ಕೆ ಒಂದೊಂದು ಜಾಗ ಸರಿಯುತ್ತಾರೆ, ಒಳಸುತ್ತು ನಿಂತಲ್ಲೇ. ಹೊಸಬರನ್ನೆಲ್ಲ ಒಳಸುತ್ತಿಗೇ ಹಾಕಿ, ಅದೂ ಒಬ್ಬರು ಬಿಟ್ಟು ಒಬ್ಬರು: ಹಳಬರು, ಹೊಸಬರು, ಹಳಬರು, ಹೊಸಬರು. ಇದರಿಂದ ಇಬ್ಬರು ಹೊಸಬರು ಯಾವತ್ತೂ ಎದುರಾಗುವುದಿಲ್ಲ, ಯಾಕೆಂದರೆ ಒಂದೇ ಸುತ್ತಿನಲ್ಲಿರುವವರು ಜೋಡಿ ಆಗುವ ಹಾಗೇ ಇಲ್ಲ. ಸರಿಯುವ ಕೆಲಸ ಇಲ್ಲದ್ದರಿಂದ ಹೊಸಬರು ಕೋಲು ತಾಗಿಸುವುದೊಂದನ್ನು ಕಲಿತರೆ ಸಾಕು. ಕಣ್ಣು ತಪ್ಪಿದರೆ ಎಡಬಲದಲ್ಲಿ ನೋಡಿಕೊಳ್ಳಲು ಹಳಬರಿದ್ದಾರೆ. ಹೊರಸುತ್ತಿನವರು ಹೊಸಬರ ಎದುರು ಲಯ ಕಳೆದುಕೊಂಡರೂ ಮುಂದಿನ ಜಾಗದಲ್ಲಿ ಹಳಬರು ಸಿಗ್ತಾರೆ, ಅಲ್ಲಿ ಸರಿಹೋಗುತ್ತದೆ. ತಪ್ಪು ಮುಂದಕ್ಕೆ ಹರಿಯುವುದಿಲ್ಲ. ಹೆಚ್ಚಿನ ಕೂಟಗಳಲ್ಲಿ ಆಗೋದು ಏನೆಂದರೆ, ಜೊತೆಯಾಗಿ ಬಂದ ಮೂವರು ಗೆಳತಿಯರು ಒಟ್ಟಿಗೇ ನಿಲ್ಲುತ್ತಾರೆ, ಆ ಮೂಲೆಯಲ್ಲಿ ಸುತ್ತು ಒಡೆಯುತ್ತದೆ, ಆಟವೇ ನಿಲ್ಲುತ್ತದೆ, ಎಲ್ಲರ ಕಣ್ಣು ಅವರ ಮೇಲೆ.

ಈ ಕ್ರಮದಲ್ಲಿ 24ಕ್ಕೆ 6 ಹೊಸಬರು ಮಿತಿ. ಏಳನೆಯವರು ಬಂದರೆ ಆ ಹಾಡಿಗೆ ಒಬ್ಬರು ಕೂತು ನೋಡಲಿ, ಆದರೆ ಅವರ ಪಕ್ಕದಲ್ಲಿ ಒಬ್ಬ ಹಳಬರೂ ಕೂತು ಕೈತಾಳದಲ್ಲಿ ಲೆಕ್ಕ ಹಾಕಿಸಲಿ. ಒಂಟಿಯಾಗಿ ಗೋಡೆಗೆ ಒರಗಿ ನಿಂತವರು ಮತ್ತೆ ಬರುವುದಿಲ್ಲ.

ಬೆಸ ಸಂಖ್ಯೆ ಆದರೆ ಖಾಲಿ ಜಾಗ ಒಳಸುತ್ತಿನಲ್ಲೇ ಇರಲಿ. ಖಾಲಿ ಎದುರಾದಾಗ ತಮ್ಮ ಎರಡು ಕೋಲನ್ನೇ ತಾಗಿಸುತ್ತ ಲಯ ಕಾಯಬೇಕು. ಅದು ಹಳಬರಿಗೆ ಬರುತ್ತದೆ, ಹೊಸಬರಿಗೆ ಬರುವುದಿಲ್ಲ.

ಎಂಟು ಪೆಟ್ಟಿನ ಸರಳ ನಡೆ ಇಟ್ಟುಕೊಳ್ಳಿ. ತಮ್ಮದು, ಬಲಕ್ಕೆ ಬಲ, ತಮ್ಮದು, ಎಡಕ್ಕೆ ಎಡ, ತಮ್ಮದು, ಎರಡೂ, ತಮ್ಮದು, ಬಿಡು. ಎಂಟನೆಯ ಆ "ಬಿಡು" ಖಾಲಿ ಪೆಟ್ಟು, ಹೊರಸುತ್ತಿನವರು ಸರಿಯೋದು ಆಗಲೇ. ಹೊಸಬರು ತಪ್ಪೋದೂ ಅಲ್ಲೇ, ಕೈ ಸುಮ್ಮನಿರಲು ಒಪ್ಪೋದಿಲ್ಲ, ಒಂದು ಪೆಟ್ಟು ಮುಂದೆ ಓಡುತ್ತದೆ. ಅದಕ್ಕೆ "ಎಂಟು" ಅಂತ ಎಣಿಸಬೇಡಿ, "ಬಿಡು" ಅಂತಲೇ ಕೂಗಿ. ಆ ಮಾತಿಗೆ ಕೈ ತಾನಾಗಿ ಇಳಿಯುತ್ತದೆ. ಒಬ್ಬೊಬ್ಬರ ಎದುರೂ ಈ ನಡೆ ನಾಲ್ಕು ಸಲ, ಅಂದರೆ 32 ಪೆಟ್ಟು. ಮೊದಲ ಮೂರು ಸಲದ "ಬಿಡು"ಗೆ ನಿಂತಲ್ಲೇ ಇರಬೇಕು, ನಾಲ್ಕನೆಯದಕ್ಕೆ ಸರಿಯಬೇಕು. ಹನ್ನೆರಡು ಜಾಗಕ್ಕೆ 384 ಪೆಟ್ಟು. ನಿಮಿಷಕ್ಕೆ 96 ಪೆಟ್ಟಿನ ವೇಗ ಹಿಡಿದರೆ ಸರಿಯಾಗಿ ನಾಲ್ಕು ನಿಮಿಷಕ್ಕೆ ಸುತ್ತು ಪೂರ್ತಿ. ಒಂದೇ ಹಾಡಿನಲ್ಲಿ ಹೊಸಬರು ಹೊರಸುತ್ತಿನ ಹನ್ನೆರಡೂ ಮುಖ ನೋಡಿರುತ್ತಾರೆ. ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ನೆಲಕ್ಕೆ ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆಯಿರಿ. ಹೊರಗಿನದರ ಅಡ್ಡಳತೆ 20 ಅಡಿ, ಒಳಗಿನದು 13 ಅಡಿ. ಎದುರಿನವರ ನಡುವೆ ಮೂರೂವರೆ ಅಡಿ ಉಳಿಯುತ್ತದೆ. ಗೆರೆ ಇಲ್ಲದಿದ್ದರೆ ಹೊಸಬರು ಪೆಟ್ಟಿಗೆ ಹೆದರಿ ಒಂದೊಂದೇ ಅಂಗುಲ ಹಿಂದೆ ಸರಿಯುತ್ತ, ಒಳಸುತ್ತು ನಡುವಿಗೆ ಕುಗ್ಗಿ ಬೆನ್ನಿಗೆ ಬೆನ್ನು ತಾಗುತ್ತದೆ.

ತಿತಿಮತಿ_ದಾರಿ

ಮೇಲಿನವರು ಹೇಳಿದ್ದು ಒಳಗಿನ ವಿಚಾರ. ನಾನು ಹೊರಗಿನದು ಹೇಳ್ತೇನೆ. ರಾತ್ರಿ 8ಕ್ಕೆ ಮುಗಿಸ್ತೀರಿ ಅಂದ್ರಲ್ಲ, ಅಲ್ಲೇ ಅರ್ಧ ಜನ ಹೋದರು. ತಿತಿಮತಿ ಕಡೆಯವರು, ಸಿದ್ದಾಪುರದ ಕಡೆ ತೋಟದ ಕೆಲಸದವರ ಲೈನ್ ಮನೆಗಳಲ್ಲಿರುವವರು ಕತ್ತಲಾದ ಮೇಲೆ ಸ್ಕೂಟರಲ್ಲಿ ಹೋಗೋದು ಹೇಗೆ? ಆನೆ ದಾರಿಗೆ ಬರುವ ಹೊತ್ತೇ ಅದು. ಬಸ್ಸೂ ಕಮ್ಮಿ ಆಗಿರುತ್ತದೆ. ಹಳಬರ ಹತ್ತಿರ ಜೀಪೋ ಕಾರೋ ಇರುತ್ತದೆ, ಅವರಿಗೆ ಇದು ಹೊಳೆಯೋದಿಲ್ಲ. ಹೊಸಬರಿಗೆ ಕೇಳಲು ಸಂಕೋಚ. "ಮುಂದಿನ ವಾರ ನೋಡೋಣ" ಅಂತ ಹೇಳಿ ಹೋಗ್ತಾರೆ.

4ಕ್ಕೆ ಶುರು ಮಾಡಿ 6ಕ್ಕೆ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ 6 ದಾಟುತ್ತಿದ್ದಂತೆ ಕತ್ತಲಾಗತೊಡಗುತ್ತದೆ, ಆಗ ಇನ್ನೂ ಅರ್ಧ ಗಂಟೆ ಹಿಂದಕ್ಕೆ ತನ್ನಿ. ಬಾಗಿಲಲ್ಲಿ ಹೆಸರು ಬರೆಸಿಕೊಳ್ಳುವಾಗ "ಹೇಗೆ ಬಂದಿರಿ, ಹೇಗೆ ಹೋಗ್ತೀರಿ" ಅಂತ ಒಂದು ಕಾಲಂ ಇಡಿ. ಒಂದೇ ದಾರಿಯವರನ್ನು ಅಲ್ಲೇ ಸೇರಿಸಿ ಕೊಡಿ. ಹೆಣ್ಣುಮಕ್ಕಳಾದರೆ ಜೊತೆಗೆ ಇನ್ನೊಬ್ಬ ಹೆಂಗಸು ಇರುವ ಗಾಡಿಯನ್ನೇ ನೋಡಿ.

ಎರಡನೆಯದು, ನಮ್ಮ ಊರಿನವರ ಮೊದಲ ಪ್ರಶ್ನೆ. "ಯಾವ ಮನೆಯವರು? ಯಾರ ಮಗಳು?" ನಮ್ಮಲ್ಲಿ ಇದು ಅಕ್ಕರೆಯ ಮಾತು. ಮನೆ ಹೆಸರು ಹೇಳಿದ ಕೂಡಲೇ ಹತ್ತು ನೆಂಟಸ್ತಿಕೆ ಹೊರಡುತ್ತದೆ, ಕೂತಲ್ಲೇ ಮದುವೆ ಮನೆಯ ಹಾಗಾಗುತ್ತದೆ. ಆದರೆ ರಾಯಚೂರಿಂದ ವರ್ಗವಾಗಿ ಬಂದ ಟೀಚರಿಗೆ ಇಲ್ಲಿ ಹೇಳಲು ಮನೆ ಹೆಸರೇ ಇಲ್ಲ. ಉತ್ತರ ಕೊಟ್ಟ ಮೇಲೆ ಒಂದು ಮೌನ ಬೀಳುತ್ತದಲ್ಲ, ಅದರಲ್ಲೇ ಅವರು ಹೊರಗಿನವರಾದರು. ಮೊದಲ ದಿನ ಆ ಪ್ರಶ್ನೆ ಬೇಡ. "ಯಾವ ಕಡೆಯಿಂದ ಬಂದಿರಿ, ಮಳೆ ಸಿಕ್ಕಿತಾ" ಅಂದರೆ ಮಾತು ಎಲ್ಲರಿಗೂ ಎಟಕುತ್ತದೆ.

ಇದರ ಜೊತೆ ಭಾಷೆ. ಆಟದ ಕೂಗು ಪೂರ್ತಿ ಕನ್ನಡದಲ್ಲೇ ಇರಲಿ. ಹಾಡು ಕೊಡವ ತಕ್ಕ್‌ನದ್ದೋ ಅರೆಭಾಷೆಯದ್ದೋ ಆದರೆ ಶುರುವಿಗೆ ಮೊದಲು ಅದರ ಅರ್ಥ ಎರಡು ಮಾತಲ್ಲಿ ಹೇಳಿ. ವಿರಾಮದಲ್ಲಿ ನಾಲ್ಕು ಜನ ಕೊಡವ ತಕ್ಕ್‌ನಲ್ಲಿ ಮಾತಾಡುತ್ತಿರುವಾಗ ಹೊಸಬರು ಬಂದು ನಿಂತರೆ ಕನ್ನಡಕ್ಕೆ ಹೊರಳಿಕೊಳ್ಳುವುದು ಹಳಬರ ಜವಾಬ್ದಾರಿ.

ಬೈನೆಕೋಲು

ಕೋಲಿನ ಬಗ್ಗೆ ಯಾರೂ ಹೇಳಲಿಲ್ಲ. ಮೊದಲ ದಿನವೇ ಬೆರಳಿಗೆ ಪೆಟ್ಟು ಬಿದ್ದವರು ಎರಡನೇ ದಿನ ಯಾಕೆ ಬರಬೇಕು?

ಹೊಸಬರಿಗೆ ಕೊಡುವ ಕೋಲು ಬೇರೆಯೇ ಇರಲಿ. ಉದ್ದ 16 ಅಂಗುಲ, ದಪ್ಪ ಹೆಬ್ಬೆರಳಷ್ಟು. 12 ಅಂಗುಲದ್ದು ಕೊಟ್ಟರೆ ಹಗುರ, ನಿಜ, ಆದರೆ ಎದುರಿನವರ ಪೆಟ್ಟು ಗೆಣ್ಣಿಗೆ ಹತ್ತಿರ ಬರುತ್ತದೆ. 20ರ ಮೇಲಾದರೆ ತುದಿ ಭಾರವಾಗಿ ಮಣಿಕಟ್ಟು ಸೋಲುತ್ತದೆ, ಆಗ ಜನ ಭುಜದಿಂದ ಬೀಸಲು ಶುರು ಮಾಡ್ತಾರೆ. ಬೆತ್ತ ಎಲ್ಲಕ್ಕಿಂತ ಒಳ್ಳೆಯದು, ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಬೈನೆ ಮರದ್ದು ಗಟ್ಟಿ, ಸದ್ದು ಚಂದ, ಆದರೆ ತೂಕ ಜಾಸ್ತಿ, ಎಳೆ ಎದ್ದರೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಕಾಫಿ ಗಿಡದ ಕೋಲೂ ಗಟ್ಟಿಯೇ, ನೇರ ಸಿಗೋದು ಕಷ್ಟ. ಬಿದಿರಾದರೆ ಪ್ರತಿ ವಾರ ಕೈಯಾಡಿಸಿ ಸೀಳು ನೋಡಲೇಬೇಕು. ಹಿಡಿಯುವ ಜಾಗಕ್ಕೆ ಬಟ್ಟೆ ಟೇಪು ಸುತ್ತಿ. ಮಳೆಗಾಲದಲ್ಲಿ ಕೈ ಒದ್ದೆ, ಕೋಲು ಜಾರುತ್ತದೆ.

ಹಿಡಿತ ಇಷ್ಟು: ಬುಡದಿಂದ ನಾಲ್ಕು ಬೆರಳು ಬಿಟ್ಟು ಹಿಡಿಯಬೇಕು, ಹೆಬ್ಬೆರಳು ಮಡಚಿ ಉಳಿದ ಬೆರಳುಗಳ ಮೇಲೆ ಕೂರಬೇಕು. ಹೊಸಬರು ಹೆಬ್ಬೆರಳನ್ನು ಕೋಲಿನ ಉದ್ದಕ್ಕೆ ನೇರ ಚಾಚಿ ಹಿಡೀತಾರೆ, ಪೆನ್ನು ಹಿಡಿದ ಹಾಗೆ. ಎದುರಿನವರ ಕೋಲು ಜಾರಿ ಇಳಿದರೆ ಸೀದಾ ಆ ಉಗುರಿನ ಮೇಲೆ. ಒಂದು ಸಲ ಬಿದ್ದರೆ ಉಗುರು ಕಪ್ಪಾಗಿ ವಾರಗಟ್ಟಲೆ ಹಾಗೇ ಇರುತ್ತದೆ. ಆಟ ಶುರುವಾಗುವ ಮೊದಲು ಒಳಸುತ್ತಿನ ಎಲ್ಲ ಹೆಬ್ಬೆರಳೂ ನೋಡಿಕೊಂಡು ಬನ್ನಿ, ಅರ್ಧ ನಿಮಿಷದ ಕೆಲಸ. ತಾಗಬೇಕಾದ್ದು ಮೇಲಿನ ಮೂರನೇ ಒಂದು ಭಾಗ, ಎದೆಯ ಎತ್ತರದಲ್ಲಿ. ಎದುರು ಮಗು ನಿಂತರೆ ದೊಡ್ಡವರೇ ಮಂಡಿ ಬಗ್ಗಿಸಿ ಇಳಿಯಬೇಕು, ಇಲ್ಲದಿದ್ದರೆ ನಿಮ್ಮ ಎದೆಯ ಎತ್ತರ ಅಂದರೆ ಅದರ ಕಣ್ಣು.

ಗಾಜಿನ ಬಳೆ ತೆಗೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಲು ಹೇಳಿ, ಕನ್ನಡಕಕ್ಕೆ ದಾರ ಇಟ್ಟುಕೊಂಡಿರಿ. ಇದೆಲ್ಲ ಬಾಗಿಲಲ್ಲೇ ಹೇಳಬೇಕಾದ್ದು, ಪೆಟ್ಟು ಬಿದ್ದ ಮೇಲೆ ಅಲ್ಲ. ಟೈಲ್ಸ್ ನೆಲಕ್ಕೆ ಒದ್ದೆ ಕಾಲು ಬಂದರೆ ಜಾರುವುದು ಖಂಡಿತ: ಬಾಗಿಲಿಗೆ ಗೋಣಿತಾಟು ಎರಡು ಪದರ, ಕೊಡೆ ಇಡಲು ಹೊರಗೇ ಬಕೆಟ್.

ಮಂಜುಮುಸುಕು

ತುಂಬಾ ಉಪಕಾರ. ಒಳಸುತ್ತು ಅವರು ಹೇಳಿದ ನಿಲ್ಲಿಸುವ ಕ್ರಮ ನಮಗೆ ಹೊಳೆದೇ ಇರಲಿಲ್ಲ. ನಾವು ಹೊಸಬರನ್ನೆಲ್ಲ ಒಂದು ಕಡೆ ಗುಂಪು ಮಾಡಿ ನಿಲ್ಲಿಸ್ತಿದ್ದೆವು, ಅವರಿಗೆ ಸಂಕೋಚ ಆಗದಿರಲಿ ಅಂತ.

ಒಂದು ಕೇಳಬೇಕು. ಆಟಕ್ಕೆ ಮೊದಲು ಹೊಸಬರಿಗಂತಲೇ ಅರ್ಧ ಗಂಟೆ ಪಾಠ ಇಡೋಣ ಅಂತ ನಮ್ಮಲ್ಲಿ ಕೆಲವರ ಅಭಿಪ್ರಾಯ. ಇಡಬಹುದಾ?

ಅಡ್ಡಸಾಲು

ಇಡಬಹುದು ಅಕ್ಕ, ಆದರೆ ಪಾಠ ಬಂದವರನ್ನು ಉಳಿಸುತ್ತದೆ ಅಂತ ನಂಬಿಕೊಳ್ಳಬೇಡಿ. ಅಮೆರಿಕದಲ್ಲಿ ಕಾಂಟ್ರಾ ಅಂತ ಒಂದು ಊರೊಟ್ಟಿನ ಕುಣಿತ ಇದೆ, ನ್ಯೂ ಇಂಗ್ಲೆಂಡ್ ಭಾಗದಲ್ಲಿ ಬಹಳ ಬೇರೂರಿದ್ದು. ಎರಡು ಉದ್ದ ಸಾಲು, ಎದುರುಬದುರು ನಿಂತ ಜೋಡಿಗಳು, 64 ಪೆಟ್ಟಿಗೆ ಒಂದಾವರ್ತ, ಪ್ರತಿ ಆವರ್ತಕ್ಕೂ ಜೋಡಿಗಳು ಸಾಲಿನಲ್ಲಿ ಒಂದೊಂದು ಜಾಗ ಸರಿದು ಹೊಸ ಜೋಡಿಯನ್ನು ಎದುರಾಗುತ್ತವೆ. ನಮ್ಮ ಕೋಲಾಟದ ಹತ್ತಿರದ ನೆಂಟ ಅನ್ನಬಹುದು. ಅಲ್ಲಿ ಹಲವು ಕಡೆ ಆಟಕ್ಕೆ ಮೊದಲು ಅರ್ಧ ಗಂಟೆಯ ಪಾಠ ಇರುತ್ತದೆ. ಅದಕ್ಕಿಂತ ಮುಖ್ಯವಾದ ಎರಡು ರೂಢಿ ಅವರಲ್ಲಿವೆ. ಒಂದು, ಪ್ರತಿ ಕುಣಿತಕ್ಕೆ ಮೊದಲು ಆಟ ನಡೆಸುವವರು ಸಂಗೀತ ಇಲ್ಲದೆ ಎಲ್ಲರನ್ನೂ ಒಂದೆರಡು ಸಲ ನಡೆಸಿ ತೋರಿಸ್ತಾರೆ. ಹಳಬರೂ ಕೂಡಿಯೇ ನಡೆಯಬೇಕು. ಇನ್ನೊಂದು, ಒಂದು ಕುಣಿತ ಮುಗಿದ ಕೂಡಲೇ ಜೊತೆಗಾರರನ್ನು ಬದಲಿಸಿಕೊಳ್ಳುವುದು. ಗಂಡ ಹೆಂಡತಿ ಸಂಜೆಪೂರ್ತಿ ಒಟ್ಟಿಗೇ ಕುಣಿಯುವ ಪದ್ಧತಿ ಅಲ್ಲಿಲ್ಲ.

ಬೇರೆ ಪಾಠದ ತೊಡಕು ಇದು: ಮೂಲೆಯಲ್ಲಿ ಕಲಿತವರೆಲ್ಲ ಹೊಸಬರು, ಆಟದಲ್ಲಿ ಎದುರಾಗುವವರೆಲ್ಲ ಹಳಬರು. ವೇಗ, ಸದ್ದು, ಸುತ್ತಿನ ತಿರುಗು ಎಲ್ಲ ಬೇರೆ. ಪಾಠದಲ್ಲಿ ಸರಿ ಮಾಡಿದ್ದು ಆಟದಲ್ಲಿ ತಪ್ಪಿದರೆ ಇನ್ನೂ ಹೆಚ್ಚು ಕುಗ್ಗುತ್ತಾರೆ. ತಡವಾಗಿ ಬಂದವರಂತೂ ಪಾಠವೇ ಇಲ್ಲದೆ ಉಳಿದುಬಿಡ್ತಾರೆ, ನಮ್ಮ ಬಸ್ಸುಗಳ ಲೆಕ್ಕದಲ್ಲಿ ಅಂಥವರೇ ಜಾಸ್ತಿ. ಹಾಗಾಗಿ ಹತ್ತು ನಿಮಿಷ ಸಾಕು, ಅದೂ ಎಲ್ಲರೂ ಸೇರಿ. ಮೂರು ನಿಮಿಷ ಬರೀ ಹೆಜ್ಜೆ, ಕೈ ಖಾಲಿ. ಮೂರು ನಿಮಿಷ ಕೋಲಿನ ಬದಲು ಚಪ್ಪಾಳೆ, ಎದುರಿನವರ ಅಂಗೈಗೆ ಅಲ್ಲ, ಗಾಳಿಯಲ್ಲಿ. ಉಳಿದದ್ದು ಕೋಲು ಹಿಡಿದು, ನಿಮಿಷಕ್ಕೆ 70 ಪೆಟ್ಟಿನ ನಿಧಾನದಲ್ಲಿ. ಕೈ ಕಾಲು ಎರಡನ್ನೂ ಒಟ್ಟಿಗೆ ಕೊಟ್ಟರೆ ಹೊಸಬರು ಕೋಲನ್ನೇ ನೋಡ್ತಾರೆ, ಕಾಲು ನಿಂತುಹೋಗುತ್ತದೆ. ಹೆಜ್ಜೆ ಮೊದಲು ಮೈಗೆ ಹತ್ತಬೇಕು.

ಶೀಟಿನ ಮಾಡು ಅಂದಿರಿ. ಜೂನಿಂದ ಸೆಪ್ಟೆಂಬರ್ ತನಕ ಮಳೆ ಹೊಡೆದರೆ ಕೂಗೂ ಕೇಳೋದಿಲ್ಲ, ಬ್ಲೂಟೂತ್ ಸ್ಪೀಕರೂ ಕೇಳೋದಿಲ್ಲ. ಹಳಬರು ಅಭ್ಯಾಸಬಲದಲ್ಲಿ ಆಡ್ತಾರೆ, ಹೊಸಬರು ಕಂಗಾಲು. ಡೋಲಕ್ ಆಗಲಿ ಚೆಂಡೆ ಆಗಲಿ ನಡುವೆ ಕೂತು ನುಡಿಸಲಿ, ಕೂಗಿನ ಜೊತೆಗೆ ಕೈಸನ್ನೆಯೂ ಇರಲಿ. ಸರಿಯುವಾಗ ಒಂದು ಬೆರಳು, ನಿಲ್ಲುವಾಗ ಮುಷ್ಟಿ.

ದುಡಿಸದ್ದು

ಒಂದು ಮಾತು ಸ್ಪಷ್ಟ ಇರಲಿ. ಪುತ್ತರಿಯ, ಅಂದರೆ ಕೊಡಗಿನ ಸುಗ್ಗಿ ಹಬ್ಬದ ಹೊತ್ತಿಗೆ ಊರಿನ ಬಯಲಾದ ಮಂದ್‌ನಲ್ಲಿ ನಡೆಯುವ ಕೋಲಾಟ್‌ಗೂ ಶನಿವಾರದ ಈ ಕೂಟಕ್ಕೂ ಗೆರೆ ಇದೆ. ಮಂದ್‌ನದ್ದು ಊರಿನ, ನಾಡಿನ ಕಟ್ಟಳೆ. ಕುಪ್ಯ (ಕೊಡವರ ಉದ್ದ ಕೋಟು), ಚೇಲೆ (ಸೊಂಟಪಟ್ಟಿ) ತೊಟ್ಟು, ಚಪ್ಪಲಿ ಬಿಟ್ಟು, ದುಡಿ ಎಂಬ ಪುಟ್ಟ ಚರ್ಮವಾದ್ಯದ ಹಾಡಿಗೆ ಆಡುವಂಥದ್ದು. ಅದನ್ನು ಹಾಲ್‌ನಲ್ಲಿ ತರಗತಿಯ ಹಾಗೆ ಕಲಿಸಲು ಹೋಗಬೇಡಿ. ಹೊಸಬರಿಗೆ ಆಸಕ್ತಿ ಹುಟ್ಟಿದರೆ ಪುತ್ತರಿಗೆ ಊರವರನ್ನು ಕೇಳಿ, ಜೊತೆಗೆ ಕರೆದುಕೊಂಡು ಹೋಗಿ, ಬದಿಯಲ್ಲಿ ನಿಂತು ನೋಡಲಿ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್, ಗಂಡಸರ ಕುಣಿತ ಬೊಳಕಾಟ್‌ಗೂ ಇದೇ ಮಾತು.

ವಾಲಗದ ಕುಣಿತ ಬೇರೆ. ಕೊಡವ ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಅಜ್ಜಿಯಿಂದ ಮೊಮ್ಮಗನ ತನಕ ಎಲ್ಲರೂ ಇಳೀತಾರೆ, ತಪ್ಪು ಸರಿ ಅಂತ ಇಲ್ಲ. ನಿಮ್ಮ ಕೂಟದ ಕೊನೆಯ ಹತ್ತು ನಿಮಿಷ ಕೋಲು ಕೆಳಗಿಟ್ಟು ವಾಲಗ ಹಾಕಿ. ಸಂಜೆಯೆಲ್ಲ ತಪ್ಪಿದವರೂ ಮೈ ಸಡಿಲ ಮಾಡಿಕೊಂಡು ಹೊರಡ್ತಾರೆ.

ಶುರು ಮಾಡುವ ಕಾಲವೂ ನೋಡಿ. ಜನವರಿಯಿಂದ ಮಾರ್ಚ್ ತನಕ ನಿಮ್ಮ ಕಡೆ ರೋಬಸ್ಟಾ ಕೊಯ್ಲು, ಬೆನ್ನಿಗೇ ಹೂವಿಗೆ ನೀರು ಹಾಯಿಸುವ ಕೆಲಸ. ತೋಟದವರು ಆಗ ಬಂದರೂ ಎರಡು ವಾರಕ್ಕೆ ಬಿಡ್ತಾರೆ, ಬೇಸರ ಆಗಿ ಅಲ್ಲ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಮುಗಿದ ಮೇಲೆ, ಸೆಪ್ಟೆಂಬರ್ ನಡುವಿನಲ್ಲಿ ಹೊಸಬರನ್ನು ಕರೆಯಿರಿ. ಪುತ್ತರಿಯ ತನಕ ಹತ್ತು ವಾರ ಸಿಗುತ್ತದೆ, ಅಷ್ಟರಲ್ಲಿ ಹೆಜ್ಜೆ ಮೈಗೆ ಹತ್ತಿರುತ್ತದೆ.

ಮಂಜುಮುಸುಕು

ಕೊನೆಯದಾಗಿ ಎರಡು ವಿಚಾರ. ನಮ್ಮಲ್ಲಿ ಆರೇಳು ಜನ ತುಂಬಾ ಚೆನ್ನಾಗಿ ಆಡುವವರು. ಅವರಿಗೆ ಸರಳ ನಡೆ ಬೇಸರ, ಜಡೆ ಕೋಲಾಟ ಬೇಕು ಅಂತಾರೆ. ಹೊಸಬರಿಗಾಗಿ ಅವರನ್ನು ಕಳೆದುಕೊಳ್ಳೋಕೂ ಆಗೋದಿಲ್ಲ. ಇನ್ನೊಂದು, ಮೊದಲ ದಿನ ಮುಗಿದ ಮೇಲೆ ಹೊಸಬರ ಜೊತೆ ಸಂಪರ್ಕ ಹೇಗೆ ಇಟ್ಟುಕೊಳ್ಳೋದು?

ಒಳಸುತ್ತು

ಜಡೆ ಕೋಲಾಟಕ್ಕೆ ಹೊಸಬರನ್ನು ಸೇರಿಸಲೇಬೇಡಿ. ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು ಅರ್ಧ ಜನ ಒಂದು ದಿಕ್ಕು, ಅರ್ಧ ಜನ ಎದುರು ದಿಕ್ಕು, ಒಬ್ಬರ ಒಳಗೆ ಒಬ್ಬರ ಹೊರಗೆ ಅಂತ ಹೆಣೆಯುವ ಆಟ ಅದು. ಒಬ್ಬರು ಒಂದು ಸಲ ಒಳಗೆ ಹೋಗುವಲ್ಲಿ ಹೊರಗೆ ಹೋದರೆ ಜಡೆಯಲ್ಲಿ ಗಂಟು ಕೂರುತ್ತದೆ. ಅದು ಕಾಣೋದು ಬಿಚ್ಚುವಾಗ, ಆಗ ಎಲ್ಲರೂ ನಿಂತು ಯಾರದು ತಪ್ಪು ಅಂತ ಹಗ್ಗ ಹಿಡಿದು ಹುಡುಕಬೇಕು. ಹೊಸಬರಿಗೆ ಅದರಷ್ಟು ಕಷ್ಟದ ಗಳಿಗೆ ಇನ್ನೊಂದಿಲ್ಲ. ಚೆನ್ನಾಗಿ ಆಡುವ ಆ ಏಳು ಜನಕ್ಕೆ ಇನ್ನೊಬ್ಬರನ್ನು ಸೇರಿಸಿ ಎಂಟು ಮಾಡಿ, ಯಾಕೆಂದರೆ ಜಡೆಗೆ ಸಮಸಂಖ್ಯೆ ಬೇಕು. ತಿಂಗಳಿಗೆ ಒಂದು ಭಾನುವಾರ ಅವರದ್ದೇ ಆಗಲಿ. ಶಾಲೆ ವಾರ್ಷಿಕೋತ್ಸವ, ದಸರಾ ವೇದಿಕೆಯ ತಯಾರಿಯೂ ಆ ದಿನವೇ. ಶನಿವಾರಕ್ಕೆ ತರಬೇಡಿ. ತಯಾರಿ ಶುರುವಾದ ಶನಿವಾರದಿಂದ ಹೊಸಬರು ಪ್ರೇಕ್ಷಕರಾಗಿಬಿಡ್ತಾರೆ.

ಶನಿವಾರ ಅವರನ್ನು ಹೊರಸುತ್ತಿಗೆ ಹಾಕಿ. ಹೊಸಬರ ಎದುರು ಲಯ ಬಿಡದೆ, ಪೆಟ್ಟನ್ನು ಮೆತ್ತಗೆ ಮಾಡಿ, ಅವರ ಕೋಲು ಎಲ್ಲಿ ಬಂದರೂ ಹೋಗಿ ಭೇಟಿಯಾಗುವುದು ಜಡೆಗಿಂತ ಕಷ್ಟದ ವಿದ್ಯೆ. ಅವರಿಗೆ ಹಾಗೇ ಹೇಳಿ, ಅದು ನಿಜವೂ ಹೌದು.

ಸಂಪರ್ಕದ ವಿಚಾರ. ವಾಟ್ಸಾಪ್ ಗುಂಪಿಗೆ ಮೊದಲ ದಿನವೇ ಸೇರಿಸಬೇಡಿ. ಬೆಳಿಗ್ಗೆ ಎದ್ದರೆ ನೂರು ಶುಭೋದಯ, ಹಳೇ ಮಾತಿನ ಮುಂದುವರಿಕೆ. ಭಾನುವಾರ ಸಂಜೆಯೊಳಗೆ ಒಬ್ಬರೇ, ಯಾರ ಎದುರು ಅವರು ಹೆಚ್ಚು ಆಡಿದರೋ ಅವರೇ, ಒಂದು ಸಣ್ಣ ಧ್ವನಿ ಸಂದೇಶ ಕಳಿಸಲಿ: ಕೈ ನೋವಿದೆಯಾ, ಮುಂದಿನ ಶನಿವಾರ ಗಾಡಿ ಬೇಕಾ. ಶುಕ್ರವಾರ ಇನ್ನೊಮ್ಮೆ ಹೊತ್ತು, ಜಾಗ ನೆನಪಿಸಿ. ಎರಡನೇ ಸಲ ಬಂದಾಗ ಹೆಸರು ಹಿಡಿದು ಕರೆಯಬೇಕು. ಅದಕ್ಕೇ ಬಾಗಿಲಿನ ಪುಸ್ತಕ, ಆಟಕ್ಕೆ ಮೊದಲು ಇಬ್ಬರು ಕೂತು ಹೋದ ವಾರದ ಹೆಸರು ಓದಿಕೊಳ್ಳಿ. ದುಡ್ಡಿನ ಮಾತು ಮೂರನೇ ವಾರಕ್ಕೆ. ಮೂರನೇ ಸಲ ಬಂದವರಿಗೆ ಒಂದು ಕೆಲಸ ಕೊಡಿ: ಸೀಮೆಸುಣ್ಣದ ಗೆರೆ ಬರೆಯೋದು, ಕೋಲು ಎಣಿಸಿ ಕೊಡೋದು, ಫ್ಲಾಸ್ಕ್ ತರೋದು, ಯಾವುದಾದರೂ ಆದೀತು. ಒಳಸುತ್ತಿನಿಂದ ಹೊರಸುತ್ತಿಗೆ ಬಡ್ತಿ ಆರನೇ ವಾರದ ಹೊತ್ತಿಗೆ. ಅದನ್ನು ನೀವಾಗಿ ಹೇಳಬೇಡಿ, "ಸರಿಯುತ್ತಾ ಆಡಲಾ?" ಅಂತ ಅವರೇ ಕೇಳ್ತಾರೆ.